ಡಗ್ಲಸ್ ಥಿಯೇಟರ್: ಗಲ್ಲಾಪೆಟ್ಟಿಗೆಯ ಬೀಗದಕೈ ಯಾರ ಹತ್ತಿರ ಇತ್ತು?

(ಸಿನಿಮಾ ಆಸಕ್ತರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿ ಆದಷ್ಟೂ ಹಾಗೇ ಇದೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಿನಿಮಾಗಳ ಬಗ್ಗೆ ನಾವು ಇಲ್ಲಿ ಬಹಳ ಮಾತಾಡಿದ್ದೇವೆ. ಇವತ್ತು ಒಂದು ಥಿಯೇಟರ್ ಬಗ್ಗೆ ಮಾತಾಡೋಣ. ಅದರ ಹೆಸರು ಡಗ್ಲಸ್ ಥಿಯೇಟರ್. ಇರುವುದು ಅಮೆರಿಕದ ಜಾರ್ಜಿಯಾ ರಾಜ್ಯದ ಮೇಕನ್ ಎಂಬ ಊರಿನಲ್ಲಿ. ಅಟ್ಲಾಂಟಾದಿಂದ ದಕ್ಷಿಣಕ್ಕೆ ಸುಮಾರು 135 ಕಿಲೋಮೀಟರ್. ಓಕ್ಮಲ್ಗಿ ಅನ್ನುವ ಹೊಳೆ ಪಕ್ಕದ ಊರು, ಹತ್ತಿ ವ್ಯಾಪಾರದಿಂದ ಬೆಳೆದದ್ದು. ಅಲ್ಲಿ ಆಗ ಬ್ರಾಡ್‌ವೇ ಅಂತ ಕರೆಯುತ್ತಿದ್ದ ಬೀದಿಯಲ್ಲಿ, 1921ರಲ್ಲಿ, ಚಾರ್ಲ್ಸ್ ಹೆನ್ರಿ ಡಗ್ಲಸ್ ಎಂಬ ಕಪ್ಪು ವ್ಯಾಪಾರಿ ಸ್ವಂತ ದುಡ್ಡಿನಲ್ಲಿ, ಸ್ವಂತ ಜಾಗದಲ್ಲಿ, ತನ್ನದೇ ಹೆಸರಿಟ್ಟು ಈ ಥಿಯೇಟರ್ ಕಟ್ಟಿಸಿದರು. ಅರ್ಧ ಶತಮಾನ ಅದು ಆ ಊರಿನ ಕಪ್ಪು ಜನರ ಸಿನಿಮಾ ಮಂದಿರವಾಗಿತ್ತು.

ಈ "ಸ್ವಂತ" ಅನ್ನುವುದು ನನಗೆ ಬಹಳ ಮುಖ್ಯ. ಅಮೆರಿಕದ ಬಣ್ಣಭೇದದ ಕಥೆ ಹೇಳುವಾಗ ಯಾರು ಎಲ್ಲಿ ಕೂರಬಹುದಿತ್ತು, ಎಲ್ಲಿ ಕೂರುವ ಹಾಗಿರಲಿಲ್ಲ ಅನ್ನುವುದೇ ಜಾಸ್ತಿ ಬರುತ್ತದೆ. ಅದು ಸರಿಯೇ. ಆದರೆ ಟಿಕೆಟ್ ದುಡ್ಡು ಯಾರ ಗಲ್ಲಾಕ್ಕೆ ಹೋಗುತ್ತಿತ್ತು, ಯಾವ ಸಿನಿಮಾ ಹಾಕಬೇಕು ಅಂತ ಯಾರು ತೀರ್ಮಾನ ಮಾಡುತ್ತಿದ್ದರು, ರಾತ್ರಿ ಬಾಗಿಲಿಗೆ ಯಾರು ಬೀಗ ಹಾಕುತ್ತಿದ್ದರು? ಈ ಪ್ರಶ್ನೆಗಳನ್ನು ನಾವು ಅಷ್ಟಾಗಿ ಕೇಳುವುದಿಲ್ಲ. ಡಗ್ಲಸ್ ಥಿಯೇಟರ್ ಕಥೆ ಪೂರ್ತಿ ಇರುವುದು ಅಲ್ಲೇ.

ಸ್ವಲ್ಪ ಹಿನ್ನೆಲೆ ಬೇಕು. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ವ್ಯವಸ್ಥೆ ಮಾಡಿದರೆ ತಪ್ಪಿಲ್ಲ, ಎರಡೂ ಸಮಾನವಾಗಿದ್ದರೆ ಸಾಕು ಅಂತ ತೀರ್ಪು ಕೊಟ್ಟಿತು. ಸಮಾನ ಅನ್ನುವುದು ಕಾಗದದಲ್ಲೇ ಉಳಿಯಿತು. ದಕ್ಷಿಣದ ರಾಜ್ಯಗಳಲ್ಲಿ ರೈಲು, ಶಾಲೆ, ಆಸ್ಪತ್ರೆ, ನೀರಿನ ನಲ್ಲಿ ಎಲ್ಲ ಬೇರೆಯಾಯಿತು. ಸಿನಿಮಾ ಬಂದಾಗ ಅದಕ್ಕೂ ಇದೇ ಪದ್ಧತಿ. ಬಿಳಿಯರ ಥಿಯೇಟರ್ ಎಷ್ಟೋ ಕಡೆ ಕಪ್ಪು ಜನರನ್ನು ಒಳಗೇ ಬಿಡುತ್ತಿರಲಿಲ್ಲ. ಬಿಟ್ಟರೂ ಪಕ್ಕದ ಓಣಿಯ ಬಾಗಿಲು, ಹೊರಗಿನ ಮೆಟ್ಟಿಲು, ಮೇಲೆ ಬಾಲ್ಕನಿಯ ಹಿಂದಿನ ಸಾಲು. ನಮ್ಮೂರಿನ ಟಾಕೀಸಿನಲ್ಲಿ ಬಾಲ್ಕನಿ ಅಂದರೆ ಜಾಸ್ತಿ ದುಡ್ಡಿನ ಸೀಟು, ಅಲ್ವಾ? ಅಲ್ಲಿ ಅದು ಅವಮಾನದ ಜಾಗ. ಅದಕ್ಕೆ "ರಣಹದ್ದಿನ ಗೂಡು" ಅಂತ ಅಡ್ಡಹೆಸರು ಬೇರೆ. ಇನ್ನು ಕೆಲವು ಕಡೆ ಬಿಳಿಯರ ಆಟ ಎಲ್ಲ ಮುಗಿದ ಮೇಲೆ, ನಡುರಾತ್ರಿಯಲ್ಲಿ, ಕಪ್ಪು ಜನರಿಗೆ ಅಂತ ಒಂದು ಆಟ ಹಾಕುತ್ತಿದ್ದರು.

ಹೀಗಾಗಿ ಕಪ್ಪು ಜನರ ಬಡಾವಣೆಗಳಲ್ಲೇ ಅವರಿಗಾಗಿ ಥಿಯೇಟರ್‌ಗಳು ಹುಟ್ಟಿಕೊಂಡವು. ಷಿಕಾಗೋದಲ್ಲಿ 1905ರಲ್ಲೇ ರಾಬರ್ಟ್ ಮಾಟ್ಸ್ ಎಂಬ ಕಪ್ಪು ಉದ್ಯಮಿ ಪೀಕಿನ್ ಥಿಯೇಟರ್ ತೆರೆದಿದ್ದರು. ಆದರೆ ಇಂಥ ಥಿಯೇಟರ್‌ಗಳಲ್ಲಿ ಬಹಳಷ್ಟಕ್ಕೆ ಮಾಲೀಕರು ಬಿಳಿಯರೇ. ಪ್ರೇಕ್ಷಕರು ಕಪ್ಪು, ವೇದಿಕೆ ಮೇಲಿನ ಕಲಾವಿದರು ಕಪ್ಪು, ಲಾಭ ಮಾತ್ರ ಬಿಳಿಯರ ಮನೆಗೆ. ಇದರಿಂದ ಏನಾಗುತ್ತಿತ್ತು ಅನ್ನುವುದಕ್ಕೆ ಮೇಕನ್‌ಗೆ ಹತ್ತಿರದ್ದೇ ಒಂದು ಉದಾಹರಣೆ ಕೊಡುತ್ತೇನೆ. ಅಟ್ಲಾಂಟಾದಲ್ಲಿ 81 ಥಿಯೇಟರ್ ಅಂತ ಇತ್ತು. ಮಾಲೀಕ ಚಾರ್ಲ್ಸ್ ಬೇಲಿ, ಬಿಳಿಯ. ಗಾಯಕಿ ಎಥೆಲ್ ವಾಟರ್ಸ್ ಅಲ್ಲಿ ಹಾಡಲು ಹೋದಾಗ ಪಿಯಾನೊದ ಶ್ರುತಿ ಸರಿಯಿಲ್ಲ, ಸರಿಮಾಡಿಸಿ ಅಂತ ಕೇಳಿದರು. ಅಷ್ಟೇ ಕೇಳಿದ್ದು. ಅದು ಎಷ್ಟು ದೊಡ್ಡ ಜಗಳವಾಯಿತೆಂದರೆ ಆಕೆ ಆ ಊರಿನಿಂದ ಕದ್ದುಮುಚ್ಚಿ ತಪ್ಪಿಸಿಕೊಂಡು ಹೋಗಬೇಕಾಯಿತು. ತಮ್ಮ ಆತ್ಮಕಥೆಯಲ್ಲಿ ಇದನ್ನು ಅವರೇ ಬರೆದಿದ್ದಾರೆ. ಬರೀ ಪಿಯಾನೊ ಶ್ರುತಿ ವಿಷಯಕ್ಕೆ!

ಈಗ ಡಗ್ಲಸ್ ಕಡೆಗೆ ಬರುತ್ತೇನೆ. ಅವರು ಹುಟ್ಟಿದ್ದು 1870ರಲ್ಲಿ, ಮೇಕನ್‌ನಲ್ಲೇ. ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದು ಐದು ವರ್ಷವಷ್ಟೇ ಆಗಿತ್ತು. ತಂದೆ ಗುಲಾಮರಾಗಿದ್ದವರು. ಬಡ ಮನೆ. ಹುಡುಗನಾಗಿದ್ದಾಗ ಸಿಕ್ಕ ಕೂಲಿ ಕೆಲಸವೆಲ್ಲ ಮಾಡಿದರು. 1898ರಲ್ಲಿ ಸ್ವಂತ ಉದ್ಯೋಗ ಶುರುಮಾಡಿದರು: ಸೈಕಲ್ ಬಾಡಿಗೆಗೆ ಕೊಡುವುದು, ರಿಪೇರಿ ಮಾಡುವುದು. ಮುಂದೆ ಊರಿನ ಒಂದು ಪಾರ್ಕಿನಲ್ಲಿದ್ದ ನಾಟಕಶಾಲೆಯನ್ನು ಗುತ್ತಿಗೆಗೆ ಹಿಡಿದು ನಡೆಸಿದರು. ಆಮೇಲೆ ಒಬ್ಬ ಪಾಲುದಾರರ ಜೊತೆ ಸೇರಿ "ಫ್ಲಾರಿಡಾ ಬ್ಲಾಸಮ್ಸ್" ಅನ್ನುವ ಊರೂರು ಸುತ್ತುವ ಕಂಪನಿ ನಡೆಸಿದರು. ಹಾಡು, ಕುಣಿತ, ಹಾಸ್ಯ, ಬ್ಯಾಂಡು ಎಲ್ಲ ಇದ್ದ ಕಂಪನಿ ಅದು. ನಮ್ಮಲ್ಲಿ ಕ್ಯಾಂಪು ಹಾಕುತ್ತಿದ್ದ ನಾಟಕ ಕಂಪನಿಗಳನ್ನು ನೆನಪಿಸಿಕೊಂಡರೆ ಅದರ ಕಷ್ಟ ಎಂಥದು ಅಂತ ನಿಮಗೆ ಬೇಗ ಅರ್ಥವಾಗುತ್ತದೆ: ಜನ, ಸಾಮಾನು, ಊಟ, ವಸತಿ, ಮಳೆ, ಸಾಲ.

ಈ ತಿರುಗಾಟದಲ್ಲಿ ಅವರು ಕಲಿತದ್ದು ದೊಡ್ಡದು ಅಂತ ನನ್ನ ಅನಿಸಿಕೆ. ಕಲಾವಿದರಿಗೆ ಎಷ್ಟು ಕೊಡಬೇಕು, ಪ್ರಚಾರ ಹೇಗೆ ಮಾಡಬೇಕು, ಯಾವ ಊರಿನಲ್ಲಿ ಜನ ಏನು ನೋಡಿ ದುಡ್ಡು ಕೊಡುತ್ತಾರೆ ಎಲ್ಲ ಗೊತ್ತಾಗುವುದು ಅಲ್ಲಿಯೇ. 1911ರಲ್ಲಿ ಕಂಪನಿಯ ತಮ್ಮ ಪಾಲು ಬಿಟ್ಟುಕೊಟ್ಟು ಬ್ರಾಡ್‌ವೇ ಬೀದಿಯಲ್ಲಿ ನೆಲೆಯೂರಿದರು. ಅಲ್ಲಿ ಒಂದು ಹೋಟೆಲ್, ಒಂದು ಚಿಕ್ಕ ಥಿಯೇಟರ್. ಹತ್ತು ವರ್ಷದಲ್ಲಿ ಅದು ಸಾಲದಾಯಿತು. 1921ರಲ್ಲಿ ದೊಡ್ಡದು ಕಟ್ಟಿಸಿದರು. ಈಗ ಉಳಿದಿರುವ ಕಟ್ಟಡ ಅದೇ.

ಹೋಟೆಲ್ ಮತ್ತು ಥಿಯೇಟರ್ ಒಟ್ಟಿಗೆ ಇದ್ದದ್ದು ಸುಮ್ನೆ ಅಲ್ಲ. ಆಗಿನ ಕಪ್ಪು ಕಲಾವಿದರಿಗೆ ಊರಿಂದೂರಿಗೆ ಹೋಗುವುದೇ ಒಂದು ಶಿಕ್ಷೆ. ರೈಲಿನಲ್ಲಿ ಬೇರೆ ಬೋಗಿ. ಇಳಿದ ಊರಿನಲ್ಲಿ ಬಿಳಿಯರ ಹೋಟೆಲ್ ರೂಮು ಕೊಡುವುದಿಲ್ಲ, ಊಟವೂ ಇಲ್ಲ. ಪರಿಚಯದ ಯಾರಾದರೂ ಮನೆಯಲ್ಲಿ ಜಾಗ ಕೊಟ್ಟರೆ ಉಂಟು. ಮೇಕನ್‌ಗೆ ಬಂದರೆ ಆ ಚಿಂತೆ ಇರಲಿಲ್ಲ. ಡಗ್ಲಸ್ ಅವರ ಹೋಟೆಲಿನಲ್ಲಿ ಉಳಿಯಬಹುದು, ಅವರದೇ ಥಿಯೇಟರ್‌ನಲ್ಲಿ ಹಾಡಬಹುದು. ಮಾಲೀಕರಿಗೂ ಲಾಭ, ಕಲಾವಿದರಿಗೂ ನೆಮ್ಮದಿ.

ಹೌದು, ಹಾಡಬಹುದು ಅಂದೆ. ಆಗಿನ ಥಿಯೇಟರ್‌ನಲ್ಲಿ ಬರೀ ಸಿನಿಮಾ ಇರುತ್ತಿರಲಿಲ್ಲ. ಮೂಕಿಚಿತ್ರದ ರೀಲು ಒಂದಷ್ಟು, ವೇದಿಕೆ ಮೇಲೆ ಹಾಡು, ಕುಣಿತ, ನಗೆಪಾತ್ರ ಒಂದಷ್ಟು, ಎಲ್ಲ ಸೇರಿ ಒಂದು ಟಿಕೆಟ್. ಕಪ್ಪು ಕಲಾವಿದರನ್ನು ಊರೂರಿಗೆ ಕಳಿಸುವುದಕ್ಕೆ 1920ರಲ್ಲಿ ಥಿಯೇಟರ್ ಮಾಲೀಕರು ಸೇರಿ ಒಂದು ಸಂಸ್ಥೆ ಕಟ್ಟಿಕೊಂಡರು. ಥಿಯೇಟರ್ ಓನರ್ಸ್ ಬುಕಿಂಗ್ ಅಸೋಸಿಯೇಷನ್, ಟೋಬಾ ಅಂತ ಕರೆಯುತ್ತಿದ್ದರು. ಅದರ ಅಧ್ಯಕ್ಷ ನ್ಯಾಶ್‌ವಿಲ್‌ನ ಮಿಲ್ಟನ್ ಸ್ಟಾರ್, ವ್ಯವಹಾರ ನೋಡಿಕೊಳ್ಳುತ್ತಿದ್ದವರು ಚಟನೂಗದ ಸ್ಯಾಮ್ ರೀವಿನ್. ಇಬ್ಬರೂ ಬಿಳಿಯರು. ಸದಸ್ಯ ಮಾಲೀಕರಲ್ಲೂ ಹೆಚ್ಚಿನವರು ಬಿಳಿಯರೇ. ಡಗ್ಲಸ್ ಥರದ ಕಪ್ಪು ಮಾಲೀಕರು ಕೆಲವರೇ. ಕಲಾವಿದರ ಪ್ರಯಾಣದ ಖರ್ಚು ಕಲಾವಿದರದೇ, ಸಂಬಳ ಕಡಿಮೆ, ಆಟ ಜಾಸ್ತಿ. ಆದ್ದರಿಂದ ಟೋಬಾದ ನಾಲ್ಕು ಇಂಗ್ಲಿಷ್ ಅಕ್ಷರಕ್ಕೆ (T.O.B.A.) ಕಲಾವಿದರು ತಮ್ಮದೇ ಒಂದು ವಿಸ್ತರಣೆ ಮಾಡಿಕೊಂಡಿದ್ದರು: "ಟಫ್ ಆನ್ ಬ್ಲ್ಯಾಕ್ ಆರ್ಟಿಸ್ಟ್ಸ್", ಅಂದರೆ "ಕಪ್ಪು ಕಲಾವಿದರ ಪಾಲಿಗೆ ಕಠಿಣ". ಆದರೂ ಬೇರೆ ದಾರಿ ಇರಲಿಲ್ಲ. ಮಾ ರೇನಿ, ಬೆಸ್ಸಿ ಸ್ಮಿತ್‌ರಂಥ ಬ್ಲೂಸ್ (ಕಪ್ಪು ಜನರ ನೋವು-ನಲಿವಿನ ಹಾಡಿನ ಧಾಟಿ) ಗಾಯಕಿಯರು ಬೆಳೆದದ್ದು ಇದೇ ಸರ್ಕೀಟಿನಲ್ಲಿ. ಇಬ್ಬರೂ ಡಗ್ಲಸ್ ವೇದಿಕೆಯ ಮೇಲೆ ಹಾಡಿದ್ದಾರೆ.

ಪರದೆಯ ಮೇಲೆ ಏನು ತೋರಿಸುತ್ತಿದ್ದರು ಅನ್ನುವುದೂ ಅಷ್ಟೇ ದೊಡ್ಡ ವಿಷಯ. 1915ರಲ್ಲಿ ನಿರ್ದೇಶಕ ಗ್ರಿಫಿತ್ ಅವರ "ದಿ ಬರ್ತ್ ಆಫ್ ಎ ನೇಷನ್" ಬಂತು. ಸಿನಿಮಾ ಇತಿಹಾಸದ ಪಾಠದಲ್ಲಿ ಅದರ ಎಡಿಟಿಂಗ್ ಬಗ್ಗೆ ಎಲ್ಲರೂ ಓದಿರುತ್ತೀರಿ. ಕಪ್ಪು ಜನರನ್ನು ಅದು ಮೃಗಗಳ ಹಾಗೆ ತೋರಿಸಿತು, ಕಪ್ಪು ಜನರನ್ನು ಹೆದರಿಸಿ ಹಿಂಸಿಸುತ್ತಿದ್ದ ಬಿಳಿಯರ ಗುಪ್ತ ದಳ ಕು ಕ್ಲಕ್ಸ್ ಕ್ಲಾನ್ ಅನ್ನು ವೀರರ ದಂಡು ಮಾಡಿತು. ಸತ್ತುಹೋಗಿದ್ದ ಕ್ಲಾನ್ ಮತ್ತೆ ಎದ್ದು ನಿಂತದ್ದು ಅದೇ ವರ್ಷ, ಅದೂ ಜಾರ್ಜಿಯಾದಲ್ಲೇ, ಅಟ್ಲಾಂಟಾ ಪಕ್ಕದ ಸ್ಟೋನ್ ಮೌಂಟನ್ ಗುಡ್ಡದ ಮೇಲೆ. ಒಂದು ಸಿನಿಮಾ ಏನೆಲ್ಲ ಮಾಡಬಲ್ಲದು ನೋಡಿ.

ಇದಕ್ಕೆ ಉತ್ತರವಾಗಿ ಕಪ್ಪು ಜನರು ತಮ್ಮದೇ ಸಿನಿಮಾ ಮಾಡಲು ಹೊರಟರು. 1916ರಲ್ಲಿ ನೋಬಲ್ ಜಾನ್ಸನ್ ಮತ್ತು ಅವರ ತಮ್ಮ ಜಾರ್ಜ್ ಸೇರಿ "ಲಿಂಕನ್ ಮೋಷನ್ ಪಿಕ್ಚರ್ ಕಂಪನಿ" ಶುರುಮಾಡಿದರು. ತಮ್ಮ ಜಾರ್ಜ್ ಅಂಚೆ ಇಲಾಖೆಯ ನೌಕರ. ಕೆಲಸ ಬಿಡದೆ, ಕಾಗದ ಬರೆದು ಬರೆದೇ ಊರೂರಿನ ಥಿಯೇಟರ್‌ಗಳಿಗೆ ಸಿನಿಮಾ ಹಂಚುತ್ತಿದ್ದರು! ಆಸ್ಕರ್ ಮಿಶೋ ಅವರದು ಇನ್ನೊಂದು ರೀತಿ. ದಕ್ಷಿಣ ಡಕೋಟದಲ್ಲಿ ಬೇಸಾಯ ಮಾಡಿ, ತಾವು ಬರೆದ ಕಾದಂಬರಿಯನ್ನು ಮನೆಮನೆಗೆ ಹೋಗಿ ಮಾರಿ, 1919ರಲ್ಲಿ ಮೊದಲ ಚಿತ್ರ ಮಾಡಿದವರು. ಅಲ್ಲಿಂದ 1948ರವರೆಗೆ ನಲವತ್ತಕ್ಕೂ ಹೆಚ್ಚು ಚಿತ್ರ ಮಾಡಿದರು. ಥಿಯೇಟರ್ ಮಾಲೀಕರ ಹತ್ತಿರ ತಾವೇ ಹೋಗಿ, ಮುಂದೆ ಮಾಡುವ ಚಿತ್ರದ ಬಗ್ಗೆ ಹೇಳಿ, ಮುಂಗಡ ಪಡೆದು, ಆ ದುಡ್ಡಿನಲ್ಲೇ ಚಿತ್ರ ತೆಗೆಯುತ್ತಿದ್ದರು. 1920ರ "ವಿದಿನ್ ಅವರ್ ಗೇಟ್ಸ್" ಚಿತ್ರದಲ್ಲಿ ಬಿಳಿಯರ ಗುಂಪು ಒಂದು ಕಪ್ಪು ಕುಟುಂಬವನ್ನು ಗಲ್ಲಿಗೇರಿಸುವುದನ್ನು ತೋರಿಸಿದರು. ಎಷ್ಟೋ ಥಿಯೇಟರ್‌ಗಳು ಅದನ್ನು ಹಾಕಲು ಹೆದರಿದವು. ಆ ಚಿತ್ರ ಕಳೆದೇಹೋಯಿತು ಅಂದುಕೊಂಡಿದ್ದರು. ದಶಕಗಳಾದ ಮೇಲೆ ಸ್ಪೇನಿನಲ್ಲಿ ಒಂದು ಪ್ರಿಂಟ್ ಸಿಕ್ಕಿತು.

ಮಾಲೀಕತ್ವದ ಮಾತು ಇಲ್ಲಿ ಮತ್ತೆ ಬರುತ್ತದೆ. ಇಂಥ ಚಿತ್ರಗಳಿಗೆ ಪರದೆ ಬೇಕಲ್ಲ? ಬಿಳಿಯರ ದೊಡ್ಡ ಥಿಯೇಟರ್ ಹಾಕುವುದಿಲ್ಲ. ಕಪ್ಪು ಜನರ ಥಿಯೇಟರ್‌ಗಳು ಇಲ್ಲದಿದ್ದರೆ ಕಪ್ಪು ಸಿನಿಮಾ ಹುಟ್ಟುತ್ತಲೇ ಇರಲಿಲ್ಲ. ಮುಂಗಡ ಕೊಡುವ ಮಾಲೀಕನೇ ಇಲ್ಲದೆ ಮಿಶೋ ಹೇಗೆ ಚಿತ್ರ ತೆಗೆಯಬೇಕಿತ್ತು?

ಈಗ ಸ್ವಲ್ಪ ಕಷ್ಟದ ಭಾಗ. ಕಪ್ಪು ಜನರ ಕೈಲಿ ಆಸ್ತಿ ಇರುವುದು ದಕ್ಷಿಣದ ಬಿಳಿಯರಲ್ಲಿ ಬಹಳ ಮಂದಿಗೆ ಸಹಿಸಲು ಆಗುತ್ತಿರಲಿಲ್ಲ. ಡಗ್ಲಸ್ ಅವರ ಹೊಸ ಥಿಯೇಟರ್ ಬಂದ ವರ್ಷವೇ, 1921ರ ಮೇ 31 ಮತ್ತು ಜೂನ್ 1ರಂದು, ಒಕ್ಲಹೋಮ ರಾಜ್ಯದ ಟಲ್ಸಾದಲ್ಲಿ ಬಿಳಿಯರ ಗುಂಪು ಗ್ರೀನ್‌ವುಡ್ ಎಂಬ ಇಡೀ ಬಡಾವಣೆಯನ್ನು ಸುಟ್ಟುಹಾಕಿತು. ಅಲ್ಲಿ ಲೂಲಾ ವಿಲಿಯಮ್ಸ್ ಎಂಬ ಕಪ್ಪು ಮಹಿಳೆ 1914ರಿಂದ ಡ್ರೀಮ್‌ಲ್ಯಾಂಡ್ ಥಿಯೇಟರ್ ನಡೆಸುತ್ತಿದ್ದರು. ಅದೂ ಸುಟ್ಟು ಬರೀ ಗೋಡೆ ಉಳಿಯಿತು. ಪಾಲಿಸಿಯಲ್ಲಿ ದೊಂಬಿಯ ನಷ್ಟಕ್ಕೆ ಪರಿಹಾರವಿಲ್ಲ ಅಂತ ಇದೆ, ಆದ್ದರಿಂದ ಕೊಡುವುದಿಲ್ಲ ಅಂತ ಇನ್ಶೂರೆನ್ಸ್ ಕಂಪನಿಗಳು ಕೈಚೆಲ್ಲಿದವು. ಅದೇ ಬೀದಿಯ ಡಿಕ್ಸಿ ಥಿಯೇಟರ್‌ನ ಮಾಲೀಕ ವಿಲಿಯಂ ರೆಡ್‌ಫರ್ನ್, ಬಿಳಿಯ, ಕೋರ್ಟಿಗೆ ಹೋದರು. 1926ರಲ್ಲಿ ಒಕ್ಲಹೋಮ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು. ಬಿಳಿಯ ಮಾಲೀಕನಿಗೇ ಸಿಗದ ಪರಿಹಾರ ಕಪ್ಪು ಜನರಿಗೆ ಎಲ್ಲಿಂದ ಸಿಗಬೇಕು? ಲೂಲಾ ಮತ್ತೆ ಥಿಯೇಟರ್ ಕಟ್ಟಿದರು. ಆದರೆ 1927ರಲ್ಲಿ ತೀರಿಕೊಂಡರು.

ಟಲ್ಸಾ ಉರಿದ ಮರುವರ್ಷ ಮೇಕನ್‌ನಲ್ಲಿ ನಡೆದದ್ದನ್ನು ಹೇಳಲೇಬೇಕು. 1922ರ ಬೇಸಿಗೆಯಲ್ಲಿ ಬ್ರಾಡ್‌ವೇಯ ಒಂದು ಪೂಲ್‌ರೂಮಿನಲ್ಲಿ (ಬಿಲಿಯರ್ಡ್ಸ್ ಥರದ ಆಟದ ಅಂಗಡಿ) ಗುಂಡು ಹಾರಿ ಡೆಪ್ಯುಟಿ ಶೆರಿಫ್, ಅಂದರೆ ಪೊಲೀಸ್ ಅಧಿಕಾರಿ ಒಬ್ಬರು ಸತ್ತರು. ಜಾನ್ ಗ್ಲೋವರ್ ಎಂಬ ಕಪ್ಪು ಯುವಕನ ಮೇಲೆ ಆರೋಪ ಬಂತು. ವಿಚಾರಣೆ ನಡೆಯಲೇ ಇಲ್ಲ. ಅವನನ್ನು ಹಿಡಿದು ತರುವಾಗ ಗುಂಪು ಕಿತ್ತುಕೊಂಡು ಕೊಂದಿತು. ಆಮೇಲೆ ಹೆಣವನ್ನು ಮೇಕನ್‌ಗೆ ತಂದು ಡಗ್ಲಸ್ ಥಿಯೇಟರ್‌ನ ಬಾಗಿಲ ಒಳಗೆ ಹಾಕಿದರು.

ಆ ಜಾಗವನ್ನೇ ಯಾಕೆ ಆರಿಸಿದರು? ಊರಿನಲ್ಲಿ ಕೋರ್ಟ್ ಇತ್ತು, ಮೈದಾನವಿತ್ತು, ಹೊಳೆಯಿತ್ತು. ಕಪ್ಪು ಜನ ತಲೆಯೆತ್ತಿ ಮುಂಬಾಗಿಲಿನಿಂದ ಒಳಗೆ ಹೋಗುವ ಜಾಗ ಅದಾಗಿತ್ತು. ಹೆದರಿಸಬೇಕಿದ್ದದ್ದು ಆ ಜಾಗಕ್ಕೆ ಬರುವವರನ್ನು, ಅದರ ಮಾಲೀಕರನ್ನು. ನನಗೆ ಬೇರೆ ಯಾವ ವಿವರಣೆಯೂ ಒಪ್ಪಿಗೆಯಾಗುವುದಿಲ್ಲ.

ಇಷ್ಟಾದ ಮೇಲೂ ಥಿಯೇಟರ್ ಉಳಿಯಿತು. ಡಗ್ಲಸ್ ಅವರೂ ಊರು ಬಿಡಲಿಲ್ಲ.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. 1927ರ ನಂತರ ಟಾಕಿ ಬಂತು. ವೇದಿಕೆಯ ಕಲಾವಿದರಿಗೆ ಅದು ದೊಡ್ಡ ಹೊಡೆತ. ಅದರ ಬೆನ್ನಿಗೇ ಆರ್ಥಿಕ ಕುಸಿತ. 1930ರ ಹೊತ್ತಿಗೆ ಟೋಬಾ ಮುಗಿದುಹೋಯಿತು. ಮಾ ರೇನಿ ಹಾಡುವುದು ನಿಲ್ಲಿಸಿ 1935ರಲ್ಲಿ ತಮ್ಮೂರು ಕೊಲಂಬಸ್‌ಗೆ ವಾಪಸ್ ಬಂದರು. ಅದೂ ಜಾರ್ಜಿಯಾದ್ದೇ ಊರು. ಬಂದು ಏನು ಮಾಡಿದರು ಗೊತ್ತಾ? ತಾವೇ ಥಿಯೇಟರ್ ನಡೆಸಿದರು, 1939ರಲ್ಲಿ ತೀರಿಕೊಳ್ಳುವವರೆಗೂ. ಜೀವನಪೂರ್ತಿ ಬೇರೆಯವರ ವೇದಿಕೆಯ ಮೇಲೆ ಹಾಡಿದವರು ಕೊನೆಗೆ ಸಂಪಾದನೆಯನ್ನು ಹಾಕಿದ್ದು ಥಿಯೇಟರ್ ಮೇಲೆ. ಅವರ ಲೆಕ್ಕಾಚಾರ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಡಗ್ಲಸ್ 1940ರಲ್ಲಿ ತೀರಿಕೊಂಡರು. ಪತ್ನಿ ಫ್ಯಾನಿ ಡಗ್ಲಸ್ ಮತ್ತು ಮಕ್ಕಳು ಮುಂದುವರಿಸಿದರು. ಡ್ಯೂಕ್ ಎಲಿಂಗ್ಟನ್, ಕ್ಯಾಬ್ ಕ್ಯಾಲವೇ, ಕೌಂಟ್ ಬೇಸಿ ಅಂಥ ಜಾಝ್ ಸಂಗೀತದ ದೊಡ್ಡವರೆಲ್ಲ ಆ ವೇದಿಕೆ ಹತ್ತಿದವರು. ಮುಂದಿನ ತಲೆಮಾರಿನಲ್ಲಿ ಗಾಯಕರಾದ ಲಿಟಲ್ ರಿಚರ್ಡ್, ಜೇಮ್ಸ್ ಬ್ರೌನ್. ಲಿಟಲ್ ರಿಚರ್ಡ್ ಮೇಕನ್‌ನ ಹುಡುಗನೇ.

1950ರ ದಶಕದ ಕೊನೆಗೆ ರೇಡಿಯೊದಲ್ಲಿ ಹಾಡು ಹಾಕುತ್ತಿದ್ದ ಹ್ಯಾಂಪ್ ಸ್ವೇನ್ ಎಂಬ ಕಪ್ಪು ಉದ್ಘೋಷಕರು "ದಿ ಟೀನೇಜ್ ಪಾರ್ಟಿ" ಅಂತ ಹಾಡಿನ ಸ್ಪರ್ಧೆ ನಡೆಸುತ್ತಿದ್ದರು. ಅದು ಡಗ್ಲಸ್ ಥಿಯೇಟರ್‌ನಲ್ಲಿ, ಶನಿವಾರ ನಡೆಯುತ್ತಿತ್ತು. ಗೆದ್ದವರಿಗೆ 5 ಡಾಲರ್. ಪಾದ್ರಿಯ ಕೆಲಸವನ್ನೂ ಮಾಡುತ್ತಿದ್ದ ಬಡ ತಂದೆಯ ಮಗ, ಹದಿಹರೆಯದ ಒಬ್ಬ ಹುಡುಗ ಬಂದು ಲಿಟಲ್ ರಿಚರ್ಡ್ ಧಾಟಿಯಲ್ಲಿ ಹಾಡಿದ. ಗೆದ್ದ. ಮುಂದಿನ ವಾರವೂ ಗೆದ್ದ. ಹೀಗೆ ಸತತ 15 ವಾರ ಗೆದ್ದ. ಆಮೇಲೆ ಇನ್ನು ನೀನು ಸ್ಪರ್ಧೆಗೆ ಬರಬೇಡಪ್ಪ ಅಂದರು. ಆ ಹುಡುಗ ಓಟಿಸ್ ರೆಡಿಂಗ್. ಜಾನಿ ಜೆಂಕಿನ್ಸ್ ಎಂಬ ಗಿಟಾರ್ ವಾದಕ ಅವನ ಹಾಡು ಕೇಳಿ ಜೊತೆಗೆ ಸೇರಿಸಿಕೊಂಡರು. 1962ರಲ್ಲಿ ಜೆಂಕಿನ್ಸ್ ರೆಕಾರ್ಡಿಂಗ್‌ಗೆ ಅಂತ ಮೆಂಫಿಸ್‌ಗೆ ಹೋದಾಗ ಕಾರು ಓಡಿಸಿಕೊಂಡು ಹೋದದ್ದು ಓಟಿಸ್. ಕೊನೆಗೆ ಸ್ವಲ್ಪ ಸಮಯ ಉಳಿದಿತ್ತು, ಅವನಿಗೂ ಒಂದು ಅವಕಾಶ ಕೊಟ್ಟರು. ಅಲ್ಲಿಂದ ಐದು ವರ್ಷ ಅವರ ದನಿ ಜಗತ್ತನ್ನು ಸುತ್ತಿತು. 1967ರ ಡಿಸೆಂಬರ್ 10ರಂದು ವಿಮಾನ ಅಪಘಾತದಲ್ಲಿ ಹೋಗಿಬಿಟ್ಟರು. 26 ವರ್ಷ. ಅವರ ಹಾಡು ಕೇಳುವಾಗಲೆಲ್ಲ ಆ 15 ಶನಿವಾರಗಳಲ್ಲಿ ಅಲ್ಲಿ ಕೂತು ಕೂಗಿದ ಮಕ್ಕಳ ಬಗ್ಗೆ ನನಗೆ ನಿಜವಾಗಿ ಹೊಟ್ಟೆಕಿಚ್ಚಾಗುತ್ತದೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ಇಷ್ಟೆಲ್ಲ ಎದುರಿಸಿ ಉಳಿದದ್ದು ಕೊನೆಗೆ ಯಾಕೆ ಮುಚ್ಚಿತು?

ಅದು ಮುಚ್ಚಿದ್ದು 1970ರ ದಶಕದ ಶುರುವಿನಲ್ಲಿ. 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಬಣ್ಣ ನೋಡಿ ಜನರನ್ನು ತಡೆಯಬಾರದ ಜಾಗಗಳ ಪಟ್ಟಿಯಲ್ಲಿ ಸಿನಿಮಾ ಮಂದಿರ ಅಂತ ಹೆಸರು ಹಿಡಿದೇ ಬರೆದಿದೆ. ಅದಕ್ಕಾಗಿ ಜನ ಏಟು ತಿಂದರು, ಜೈಲಿಗೆ ಹೋದರು. ಆ ಗೆಲುವು ಚಿಕ್ಕದಲ್ಲ. ಆದರೆ ಬಾಗಿಲು ತೆರೆದದ್ದು ಒಂದು ಕಡೆಗೆ ಮಾತ್ರ. ಕಪ್ಪು ಜನ ಊರಿನ ದೊಡ್ಡ ಥಿಯೇಟರ್‌ಗಳಿಗೆ ಹೋಗತೊಡಗಿದರು, ಹೊಸ ಚಿತ್ರ ಮೊದಲು ಬರುತ್ತಿದ್ದದ್ದು ಅಲ್ಲಿಗೇ. ಬಿಳಿಯರು ಮಾತ್ರ ಕಪ್ಪು ಜನರ ಥಿಯೇಟರ್‌ಗೆ ಬರಲಿಲ್ಲ. ಜೊತೆಗೆ ಮನೆಮನೆಗೂ ಟಿವಿ. ಪೇಟೆ ಬಿಟ್ಟು ಊರಾಚೆಗೆ ಹೊರಟ ವ್ಯಾಪಾರ. ಕಪ್ಪು ಬಡಾವಣೆಗಳ ನಡುವೆ ಹೆದ್ದಾರಿ ಎಳೆದದ್ದು. ಟಲ್ಸಾದಲ್ಲಿ ಮತ್ತೆ ಕಟ್ಟಿದ ಗ್ರೀನ್‌ವುಡ್‌ನ ಮೇಲೆ ಹಾದುಹೋದದ್ದು ಇಂಥದೇ ಹೆದ್ದಾರಿ. ಇದರಲ್ಲಿ ಬೇಸರದ ಸಂಗತಿ ಏನೆಂದರೆ, ಕಪ್ಪು ಪ್ರೇಕ್ಷಕರಿಗೆ ಸೀಟು ಸಿಕ್ಕಿತು, ಕಪ್ಪು ಮಾಲೀಕರು, ಮ್ಯಾನೇಜರ್‌ಗಳು, ಆಪರೇಟರ್‌ಗಳು ಮಾಯವಾದರು. ಬಿಳಿಯರ ಥಿಯೇಟರ್‌ಗಳು ಕಪ್ಪು ಜನರ ದುಡ್ಡು ತೆಗೆದುಕೊಂಡಷ್ಟು ಸುಲಭವಾಗಿ ಅವರಿಗೆ ಕೆಲಸ ಕೊಡಲಿಲ್ಲ. ಹಾಗಂತ ಬೇರೆ ಬಾಲ್ಕನಿಯೇ ಇರಬೇಕಿತ್ತು ಅಂತ ಯಾರೂ ಹೇಳಲಾರರು. ಸಮಾನ ಹಕ್ಕು ಕೊಟ್ಟವರು ಆಸ್ತಿ, ಸಾಲ, ವ್ಯಾಪಾರದಲ್ಲೂ ಸಮಾನ ಅವಕಾಶ ಕೊಡಬೇಕಿತ್ತು. ಆ ಭಾಗ ಬಾಕಿಯೇ ಉಳಿಯಿತು.

ಇನ್ನೊಬ್ಬರ ಪ್ರಶ್ನೆ: ಕಟ್ಟಡ ಈಗ ಏನಾಗಿದೆ, ಹೋಗಿ ನೋಡಬಹುದಾ?

ಖಂಡಿತ. ಎಷ್ಟೋ ವರ್ಷ ಪಾಳು ಬಿದ್ದಿತ್ತು. ಊರಿನ ಜನ ಕೆಡವಲು ಬಿಡಲಿಲ್ಲ. ರಿಪೇರಿಯಾಗಿ 1997ರ ಜನವರಿಯಲ್ಲಿ ಮತ್ತೆ ತೆರೆಯಿತು. ಈಗ ಸಿನಿಮಾ, ಸಂಗೀತ, ನಾಟಕ ಎಲ್ಲ ನಡೆಯುತ್ತದೆ. ಬ್ರಾಡ್‌ವೇಗೆ ಈಗ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಬುಲೆವಾರ್ಡ್ ಅಂತ ಹೆಸರು. ಅಟ್ಲಾಂಟಾದಲ್ಲಿ ಕನ್ನಡಿಗರು ಬಹಳ ಮಂದಿ ಇದ್ದೀರಿ. ಕಾರಿನಲ್ಲಿ ಒಂದೂವರೆ ಗಂಟೆ ದಾರಿ. ಹೋದರೆ ಥಿಯೇಟರ್ ನೋಡಿ ಹಾಗೇ ವಾಪಸ್ ಬರಬೇಡಿ. ಅದೇ ಊರಿನ ವಾಷಿಂಗ್ಟನ್ ಮೆಮೋರಿಯಲ್ ಲೈಬ್ರರಿಯ ದಾಖಲೆ ವಿಭಾಗಕ್ಕೂ ಹೋಗಿ. ಡಗ್ಲಸ್ ಅವರ ವ್ಯವಹಾರದ ಕಾಗದಪತ್ರಗಳು ಅಲ್ಲಿ ಉಳಿದಿವೆ. ಬುಕಿಂಗ್ ಪತ್ರ, ಲೆಕ್ಕ, ರಸೀದಿ. ಅಮೆರಿಕದ ಕಪ್ಪು ರಂಗಭೂಮಿ ಮತ್ತು ಬ್ಲೂಸ್ ಬಗ್ಗೆ ಬರೆಯುವವರು ಇವತ್ತಿಗೂ ಅವನ್ನು ಹುಡುಕಿಕೊಂಡು ಬರುತ್ತಾರೆ. ಯಾವ ತಂಡಕ್ಕೆ ಎಷ್ಟು ಪಾಲು, ಯಾವ ವಾರ ಯಾರ ಆಟ ಅಂತ ಪಕ್ಕಾ ಗೊತ್ತಾಗುವುದು ಅಂಥ ಕಾಗದಗಳಿಂದಲೇ. ಹೋಗುವ ಮೊದಲು ಲೈಬ್ರರಿಗೆ ಫೋನ್ ಮಾಡಿ ದಾಖಲೆ ವಿಭಾಗ ತೆರೆದಿರುವ ದಿನ ಕೇಳಿಕೊಳ್ಳಿ.